ಉಸಿರು ಹೊದ್ದ ಸಿಗಾರ್

“ಎಲ್ಲಾ ನಿಮ್ದೇ ಅಳಿಯಂದ್ರೇ. ಬೇಕಾದ್ದು ಸೇದಿ, ಬೇಕಾದ್ದು ಮಾರಿ. ಕಿಟಕಿ ಪಕ್ಕದ ಗೂಡಲ್ಲಿ ಒಂಟಿ ಪೆಟ್ಟಿಗೆ ಒಂದಿದೆ. ಅದನ್ನ ಮಾತ್ರ ಮುಟ್ಬೇಡಿ.”

ಸಿಗಾರ್ ಮಾಗಿಸುವ ಕೋಣೆಯ ಬೀಗದ ಕೈಯನ್ನು ಅಳಿಯನ ಅಂಗೈಗೆ ಹಾಕಿದ ಮೇಲೂ ಸೋದರತ್ತೆ ತನ್ನ ಬೆರಳನ್ನು ತೆಗೆಯಲಿಲ್ಲ. ಆಕೆ ಅವನ ಹೆಂಡತಿಯ ತಂದೆಗೆ ಅಕ್ಕ, ಮದುವೆ ಬೇಡವೆಂದು ಆ ಮನೆಯಲ್ಲೇ ಮುದುಕಿಯಾದವಳು. ಕೆಳಗೆ ಸಿಗಾರ್ ಸುತ್ತುವ ಕಾರ್ಖಾನೆ, ಮೇಲೆ ಮನೆ. ಮಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳ ಗಂಡನಾದ ಇವನು ಹೆಂಡತಿ, ಮಗಳ ಜೊತೆ ಬಂದು ಇಲ್ಲಿ ಇಳಿದಿದ್ದ.

ಕೆಲವರಿಗೆ ಮೂಗಿನ ತುದಿಯಲ್ಲಿ ಕೋಪವಿರುತ್ತದೆ. ಇವನಿಗೆ ಅನ್ನವೇ ಅಲ್ಲಿತ್ತು. ದೊಡ್ಡ ಕಂಪನಿಯೊಂದರಲ್ಲಿ ಸಿಗಾರಿನ ರುಚಿ ನೋಡಿ ದರ್ಜೆ ಹೇಳುವುದು ಅವನ ಕೆಲಸವಾಗಿತ್ತು. ಸುತ್ತಲು ಬರುತ್ತಿರಲಿಲ್ಲ, ಒಂದು ಎಲೆಯನ್ನೂ ನೆಟ್ಟಗೆ ಮಡಚಲಾರ. ಆದರೆ ಮೂಸಿ ನೋಡಿದರೆ ಅದು ಯಾವ ಹೊಲದ ಎಲೆ, ಎಷ್ಟು ಕಾಲ ಮಾಗಿದೆ ಎಂದು ಹೇಳಿಬಿಡುತ್ತಿದ್ದ. ಅಂಥ ಮೂಗಿನ ಜೊತೆ ಅಷ್ಟೇ ದೊಡ್ಡ ಜಂಬವೂ ಬಂದಿತ್ತು.

“ಯಾಕೆ ಅತ್ತೆ, ಅದರಲ್ಲಿ ದೆವ್ವ ಇದ್ಯಾ?” ಎಂದು ನಕ್ಕ.

ಸೋದರತ್ತೆ ನಗಲಿಲ್ಲ. “ಆ ಕೋಣೆ ಮೊದಲು ಸುತ್ತೋ ಕೋಣೆ ಆಗಿತ್ತು. ನಮ್ಮಪ್ಪನ ಕಾಲ. ಅಲ್ಲಿ ಒಬ್ಬಳು ಸುತ್ತೋಳಿದ್ಳು, ಅವಳಂಥ ಕೈ ಮತ್ತೆ ಬರಲಿಲ್ಲ. ಕೂಸನ್ನ ಬುಟ್ಟೀಲಿ ಹಾಕಿ ಬೆಂಚಿನ ಕೆಳಗೆ ಮಲಗಿಸ್ಕೊಳ್ಳೋಳು. ಹೊಗೆಸೊಪ್ಪಿನ ಧೂಳು. ಕೂಸಿಗೆ ಕೆಮ್ಮು ಹತ್ತಿತು. ಒಂದು ಕಿಟಕಿ ತೆಗೀರಿ ಅಂತ ಕೇಳಿದ್ಳು. ದಿನಾ ಕೇಳಿದ್ಳು. ‘ಕಿಟಕಿ ತೆಗೆದ್ರೆ ಎಲೆ ಒಣಗುತ್ತೆ’ ಅಂದ್ರು ನಮ್ಮಪ್ಪ. ಅಷ್ಟಂದು ಕಿಟಕಿಗೆ ಹಲಗೆ ಹೊಡೆಸಿದ್ರು.”

“ಆಮೇಲೆ?”

“ಒಂದಿನ ಕೂಸು ಅಲ್ಲಾಡ್ಲಿಲ್ಲ. ಉಸಿರಿದ್ಯಾ ನೋಡೋಣ ಅಂತ ಅವಳು ಒಂದು ಎಲೆ ತಗೊಂಡು ಅದರ ಬಾಯಿ ಹತ್ರ ಹಿಡಿದ್ಳು. ಒಣಗಿದ ಎಲೆ ಒಂದ್ಸಲ ಮೆತ್ತಗಾಯ್ತು. ಇನ್ನೊಂದು ಸಲ ಆಗ್ಲಿಲ್ಲ. ಆ ಎಲೇನೇ ಮೇಲೆ ಹೊದಿಸಿ ಒಂದು ಸಿಗಾರ್ ಸುತ್ತಿದ್ಳು. ಕೂಸಿನ ಕೂದಲು ಹೊಸೆದು ಕರಿ ದಾರ ಮಾಡಿ ಕಟ್ಟಿದ್ಳು. ಅದೇನೋ ಮಣಮಣ ಅಂತ ನಮ್ಮಪ್ಪನ ಮುಂದೆ ಇಟ್ಳು. ‘ಇದನ್ನ ಯಾರು ಹಚ್ತಾರೋ, ಅವರ ಮನೆ ಮಗು ಉಸಿರನ್ನ ನನ್ನ ಮಗು ಸೇದ್ಲಿ’ ಅಂದ್ಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಸುಡೋ ಹಾಗಿಲ್ಲ, ಸುಟ್ರೆ ಹಚ್ಚಿದ ಹಾಗೇ. ಎತ್ತಿ ಬಿಸಾಕೋಕೆ ಯಾರಿಗೂ ಕೈ ಬರಲಿಲ್ಲ.”

ಅಳಿಯ ಬೀಗದ ಕೈಯನ್ನು ಗಾಳಿಯಲ್ಲಿ ತೂರಿ ಹಿಡಿದ. “ಮಾಟ ಮಾಡಿದ ಸಿಗಾರ್ ಅಂದ್ರೆ ಬೆಲೆ ಡಬಲ್ ಆಗುತ್ತೆ ಅತ್ತೆ. ಪೆಟ್ಟಿಗೆ ಮೇಲೆ ಒಂದು ಲೇಬಲ್ ಅಂಟಿಸೋಣ ಬಿಡಿ.”

ಆಕೆಯ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿಯೂ ಅವನು ನೋಡದವನಂತೆ ಮೆಟ್ಟಿಲಿಳಿದ. ಮೇಲೆ ಮಗಳು ಪುಟ್ಟಿ ಊಟ ಮುಗಿಸಿ ಅಮ್ಮನ ಪಕ್ಕದಲ್ಲಿ ಮಲಗಿದ್ದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು.

ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಬಿಸಿಲೆಂಬುದು ಲೋಕದಲ್ಲೇ ಇಲ್ಲ. ಕತ್ತಲೆ, ತಂಪು, ತೇವ. ದೇವದಾರು ಹಲಗೆಗಳ ಮೇಲೆ ಸಾಲುಸಾಲಾಗಿ ಪೆಟ್ಟಿಗೆಗಳು, ಮೂರು ತಲೆಮಾರಿನ ಗಳಿಕೆ, ಸದ್ದಿಲ್ಲದೆ ಮಾಗುತ್ತ ಕುಳಿತಿತ್ತು. ಅವನು ನಿಂತಲ್ಲೇ ಕಣ್ಣು ಮುಚ್ಚಿ ಮೂಸಿದ. ಹಳೆಯ ಮರ, ತೊಗಲು, ಒಣದ್ರಾಕ್ಷಿ, ಒಂದಿಷ್ಟು ಮೆಣಸು. ಸಂತೋಷಕ್ಕೆ ಮೈ ಜುಮ್ಮೆಂದಿತು. ಇದೆಲ್ಲ ತನ್ನದು ಎಂಬ ಮಾತು ಮನಸ್ಸಿನಲ್ಲಿ ಎರಡು ಸಲ ಹಾದುಹೋಯಿತು.

ಹಲಗೆ ಹೊಡೆದ ಕಿಟಕಿಯ ಪಕ್ಕದ ಗೂಡಿನಲ್ಲಿ ಪೆಟ್ಟಿಗೆಯಿತ್ತು. ಒಳಗೆ ಒಂದೇ ಸಿಗಾರ್. ದೀಪದ ಬೆಳಕಿಗೆ ಹಿಡಿದಾಗ ಅವನ ಕೈ ತಾನಾಗಿ ಮೃದುವಾಯಿತು. ಇಷ್ಟು ಕಾಲದ ಎಲೆ ಪುಡಿಯಾಗಬೇಕಿತ್ತು. ಇದು ಎಣ್ಣೆಯ ಹೊಳಪಿನಲ್ಲಿ ನಯವಾಗಿತ್ತು, ಇವತ್ತು ತಾನೇ ಸುತ್ತಿಟ್ಟಂತಿತ್ತು. ಎಲೆ ಕೂಡಿದ ಗೆರೆ ಎಲ್ಲೂ ಕಾಣದು. ನಡುವಿನಲ್ಲಿ ಕರಿ ದಾರ. ಅದನ್ನು ಕತ್ತರಿಯಿಂದ ಕತ್ತರಿಸಿ ನೆಲಕ್ಕೆ ಊದಿದ.

ಹಳೆಯ ಸುತ್ತುವ ಬೆಂಚು ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಕುಳಿತು ತುದಿ ಕತ್ತರಿಸಿದ. ಹಚ್ಚದೆಯೇ ಒಮ್ಮೆ ಎಳೆದು ನೋಡಿದ. ಗಾಳಿ ಸರಾಗವಾಗಿ ಬಂತು. ಉದ್ದನೆಯ ಕಡ್ಡಿ ಗೀರಿ, ಉರಿ ಎಲೆಗೆ ತಾಗದಂತೆ ದೂರ ಹಿಡಿದು, ತಿರುಗಿಸುತ್ತ ಅಂಚು ಕಾಯಿಸಿದ. ಕೆಂಡ ಸುತ್ತಲೂ ಸಮನಾಗಿ ಹತ್ತಿತು.

ಮೊದಲ ಹೊಗೆಗೆ ಅವನು ಸೋತುಹೋದ. ಹುರಿದ ಬಾದಾಮಿ, ಜೇನು, ಮಳೆ ಬಿದ್ದ ಮಣ್ಣು. ನಾಲಿಗೆಯ ಮೇಲೆ ಒಂದಾದ ಮೇಲೊಂದು ರುಚಿ ಬಂದು, ಸದ್ದಿಲ್ಲದೆ ಜಾಗ ಬಿಟ್ಟುಕೊಡುತ್ತಿತ್ತು. ಇಷ್ಟು ವರ್ಷ ತಾನು ಸೇದಿದ್ದೆಲ್ಲ ಹುಲ್ಲು ಅನಿಸಿತು. ಬೂದಿ ಬೆಳ್ಳಗೆ, ಗಟ್ಟಿಯಾಗಿ, ಉದುರದೆ ಬೆಳೆಯುತ್ತಿತ್ತು. ಬೂದಿ ಉದ್ದ ನಿಂತಷ್ಟೂ ಸುತ್ತಿದವರ ಕೈ ದೊಡ್ಡದು. “ಎಂಥ ಕೈ ಇತ್ತಮ್ಮ ನಿಂದು” ಎಂದ ಗಟ್ಟಿಯಾಗಿ, ಖಾಲಿ ಕೋಣೆಗೆ.

ಮೂರರಲ್ಲಿ ಒಂದು ಭಾಗ ಉರಿದ ಮೇಲೆ ರುಚಿ ಬದಲಾಯಿತು. ಹಾಲು. ಬೆಚ್ಚಗಿನ ಹಾಲು. ಅದರ ಹಿಂದೆಯೇ ಇನ್ನೊಂದು ವಾಸನೆ. ಅವನ ಮೂಗಿಗೆ ಗೊತ್ತಿದ್ದದ್ದೇ, ಎಲ್ಲಿಯದೆಂದು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಪುಟ್ಟಿ ಹುಟ್ಟಿದಾಗ ಅವಳ ನೆತ್ತಿ ಮೂಸಿದ್ದ. ಆ ವಾಸನೆ.

ಬೆಂಚಿನ ಕೆಳಗೆ ಯಾರೋ ಕೆಮ್ಮಿದರು.

ತೀರ ಸಣ್ಣ ಕೆಮ್ಮು. ಅವನು ಬಗ್ಗಿ ನೋಡಿದ. ಧೂಳು, ಅಷ್ಟೆ. ಮೇಲಿನಿಂದ ಹೆಂಡತಿಯ ದನಿ ಕೇಳಿಸಿತು.

“ರೀ! ಪುಟ್ಟಿ ಯಾಕೋ ಕೆಮ್ತಿದಾಳೆ. ನಿಲ್ತಾನೇ ಇಲ್ಲ!”

“ನೀರು ಕುಡಿಸು. ಬಂದೆ!” ಎಂದು ಕೂಗಿದ. ಆದರೆ ಸಿಗಾರನ್ನು ಒತ್ತಿ ಆರಿಸಲು ಮನಸ್ಸು ಬರಲಿಲ್ಲ. ಒಳ್ಳೆಯ ಸಿಗಾರನ್ನು ಬಲ್ಲವರು ಹೊಸಕಿ ಆರಿಸುವುದಿಲ್ಲ. ಬೂದಿತಟ್ಟೆಯ ಅಂಚಿಗಿಟ್ಟು ತಾನಾಗಿ ಆರಲು ಬಿಡುತ್ತಾರೆ. ಅದು ಆ ಎಲೆಗೆ ಕೊಡುವ ಮರ್ಯಾದೆ. ಅವನೂ ಹಾಗೇ ಇಟ್ಟ. ಬೆನ್ನು ತಿರುಗಿಸಿದ.

ಗೋಡೆಯ ಮೇಲೆ ಕೆಂಪು ಬೆಳಕು ಬಂತು. ಹೋಯಿತು. ಮತ್ತೆ ಬಂತು.

ಅವನು ತಿರುಗಿದ. ತಟ್ಟೆಯಲ್ಲಿ ಕೆಂಡ ಧಗ್ಗನೆ ಹೊಳೆದು, ಮಂಕಾಗಿ, ಮತ್ತೆ ಹೊಳೆಯುತ್ತಿತ್ತು. ಸಿಗಾರಿನ ಇನ್ನೊಂದು ತುದಿಯಲ್ಲಿ ಬಾಯಿಟ್ಟು ಯಾರೋ ಎಳೆಯುತ್ತಿದ್ದರು. ಪುಟ್ಟ ಪುಟ್ಟ ದಮ್ಮು. ಹಸಿದ ಕೂಸು ಹಾಲು ಹೀರುವ ಅವಸರ.

ಮೆಟ್ಟಿಲು ಹತ್ತಿದ್ದು ಅವನಿಗೆ ನೆನಪಿಲ್ಲ. ಮೇಲೆ ಕಿಟಕಿಗಳೆಲ್ಲ ತೆರೆದಿದ್ದವು, ಗಾಳಿಗೆ ಪರದೆ ಹಾರುತ್ತಿತ್ತು. ಆದರೂ ಪುಟ್ಟಿಗೆ ಉಸಿರು ಸಿಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಕಣ್ಣು ಅಪ್ಪನನ್ನೇ ಹುಡುಕುತ್ತಿತ್ತು. ಅವಳು ಒಂದು ಉಸಿರು ಹೊರಬಿಟ್ಟಳು. ಬಾಯಿಂದ ಹುರಿದ ಬಾದಾಮಿಯ ವಾಸನೆ ಬಂತು, ಜೇನಿನ ವಾಸನೆ ಬಂತು.

“ಏನ್ ಮಾಡಿದ್ರಿ? ಕೆಳಗೆ ಏನ್ ಮಾಡಿದ್ರಿ ನೀವು?” ಹೆಂಡತಿ ಅವನ ಅಂಗಿ ಹಿಡಿದು ಅಲ್ಲಾಡಿಸಿದಳು.

ಅವನು ಕೆಳಗೆ ಓಡಿದ. ಹೂಜಿಯ ನೀರೆಲ್ಲ ಸುರಿದ. ನೀರು ಚುರ್ರೆಂದಿತು, ಕೆಂಡ ಆರಲಿಲ್ಲ. ಬೂಟಿನಡಿ ಹಾಕಿ ತುಳಿದ. ಕಾಲು ತೆಗೆದರೆ ಅದು ಉರಿಯುತ್ತಲೇ ಇತ್ತು. ಬೂದಿ ಕೂಡ ಉದುರಿರಲಿಲ್ಲ. ಅರ್ಧ ಆಗುತ್ತ ಬಂದಿತ್ತು. ಬೆಂಚಿನ ಕೆಳಗೆ ಕೆಮ್ಮು ನಿಂತಿತ್ತು. ಈಗ ಅಲ್ಲಿ ಏನೋ ತೃಪ್ತಿಯಿಂದ ಗುಟುಕರಿಸುತ್ತಿತ್ತು.

ಬಾಗಿಲಲ್ಲಿ ಸೋದರತ್ತೆ ನಿಂತಿದ್ದಳು. ಗೋಡೆ ಹಿಡಿದುಕೊಂಡೇ ಬಂದಿದ್ದಳು.

“ನೀರಿಗೆ ಆರಲ್ಲ ಅದು. ಅವಳು ಕೇಳಿದ್ದು ಒಂದೇ. ಕಿಟಕಿ. ತೆಗೀರಿ.”

ಕಿಟಕಿ. ಅವನು ಆ ಹಲಗೆಗಳನ್ನು ನೋಡಿದ. ಆಮೇಲೆ ಪೆಟ್ಟಿಗೆಗಳ ಸಾಲು ನೋಡಿದ. ಹೊರಗಿನ ಆ ಉರಿಬಿಸಿಲು, ಆ ಒಣಗಾಳಿ ಒಳಗೆ ಬಂದರೆ ಮೂರು ತಲೆಮಾರು ಮುಗಿದಂತೆ. ಒಂದು ಗಳಿಗೆ, ಒಂದೇ ಗಳಿಗೆ ಅವನ ಕಾಲು ಕದಲಲಿಲ್ಲ. ಬಾಯಿ ಮಾತ್ರ ತೆರೆಯಿತು.

“ಕಿಟಕಿ ತೆಗೆದ್ರೆ ಎಲೆ ಒಣಗುತ್ತೆ.”

ಆಡಿದ ಮೇಲೆ ಅದು ಯಾರ ಮಾತೆಂದು ಅವನಿಗೇ ಗೊತ್ತಾಯಿತು. ಸೋದರತ್ತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. “ನಮ್ಮಪ್ಪನ ದನಿ” ಎಂದಳು. ಆಕೆಯ ಹಿಂದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು, ಹೆಂಡತಿ ನಿಂತಿದ್ದಳು. ಅವಳೂ ಕೇಳಿಸಿಕೊಂಡಿದ್ದಳು.

ಕೆಂಡ ಒಮ್ಮೆಗೇ ಭುಗಿಲೆಂದಿತು. ಪುಟ್ಟಿಯ ಕೈ ಜೋತುಬಿತ್ತು.

ಅವನು ನುಗ್ಗಿದ. ಉಗುರು ಹಾಕಿ ಕಿತ್ತ. ಮೊಳೆ ಬರಲಿಲ್ಲ. ಬೆಂಚನ್ನೇ ಎತ್ತಿ ಬಡಿದ. ಹಲಗೆ ಸೀಳಿತು. ಮತ್ತೆ ಬಡಿದ. ಕೈ ಹರಿಯಿತು. ರಕ್ತ. ಇನ್ನೊಂದು ಹಲಗೆ. ಇನ್ನೊಂದು. ಬೆಳಕು! ಕತ್ತಿಯಂಥ ಬಿಸಿಲು, ಅದರ ಹಿಂದೆ ಬಿಸಿಗಾಳಿ ಹೋ ಎಂದು ಒಳನುಗ್ಗಿತು. ಪೆಟ್ಟಿಗೆಗಳು ಅಲುಗಿದವು. ಯಾರೋ ದೀರ್ಘವಾಗಿ, ತುಂಬ ದೀರ್ಘವಾಗಿ ಉಸಿರೆಳೆದುಕೊಂಡ ಸದ್ದು ಕೋಣೆಯ ತುಂಬ ಕೇಳಿಸಿತು. ಬೂದಿ ಮುರಿದು ಬಿತ್ತು.

ಪುಟ್ಟಿ ಅತ್ತಳು.

ಅವನು ನೆಲದ ಮೇಲೆ ಕುಳಿತು, ಮಕ್ಕಳ ಹಾಗೆ ಅತ್ತ. ಎಷ್ಟೋ ಹೊತ್ತಿನ ಮೇಲೆ ಉಳಿದ ಅರ್ಧ ಸಿಗಾರನ್ನು ಹುಡುಕಿದ. ಬೂದಿಯಿತ್ತು. ಅರ್ಧ ಸಿಗಾರೂ ಇರಲಿಲ್ಲ, ಕತ್ತರಿಸಿ ಬಿಸಾಕಿದ ದಾರವೂ ಇರಲಿಲ್ಲ.

“ಆರಿದೆ, ಮುಗಿದಿಲ್ಲ” ಎಂದಳು ಸೋದರತ್ತೆ. ಆಮೇಲೆ ಆಕೆ ಆ ಕೋಣೆಯ ಕಡೆ ಬರಲಿಲ್ಲ.

ಎಲೆಯೆಲ್ಲ ಒಣಗಿತು. ಮುಟ್ಟಿದರೆ ಸಿಗಾರುಗಳು ಬೆರಳ ಸಂದಿಯಿಂದ ಪುಡಿಯಾಗಿ ಸುರಿದವು. ಅದಕ್ಕೆ ಅವನಿಗೆ ಅಷ್ಟು ದುಃಖವಾಗಲಿಲ್ಲ. ಅವನ ಮೂಗು ಸತ್ತಿತ್ತು; ಹೂವು, ಸೋಪು, ಮಗಳ ಕೂದಲು, ಯಾವುದರ ವಾಸನೆಯೂ ಬರುತ್ತಿರಲಿಲ್ಲ. ಅದನ್ನೂ ಸಹಿಸಿಕೊಂಡ. ಸಹಿಸಲಾಗದ್ದು ಹೆಂಡತಿಯ ಮೌನ. ಬೈದಿದ್ದರೆ ಕಾಲು ಹಿಡಿಯುತ್ತಿದ್ದ. ಅವಳು ಬೈಯಲಿಲ್ಲ. ಊಟಕ್ಕೆ ಬಡಿಸಿ, ಮಗಳನ್ನು ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು.

ಪುಟ್ಟಿ ಚೆನ್ನಾಗಿಯೇ ಇದ್ದಳು. ಓಡಿದಳು, ಆಡಿದಳು, ಹಟ ಮಾಡಿದಳು. ಆದರೆ ಅವಳು ಮಲಗಿದರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಅಷ್ಟು ಮೆಲ್ಲಗೆ ಉಸಿರಾಡುತ್ತಿದ್ದಳು. ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗಲೆಲ್ಲ ಅವನು ಕಳ್ಳಹೆಜ್ಜೆಯಲ್ಲಿ ಹೋಗಿ ಮಂಚದ ಪಕ್ಕ ಕೂರುತ್ತಿದ್ದ. ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದ. ಬೆರಳನ್ನು ನಂಬಲಾಗಲಿಲ್ಲ, ಆ ದಿನ ಹರಿದ ಮೇಲೆ ಅದು ಮರಗಟ್ಟಿತ್ತು.

ತೇವ ಹಿಡಿಯುವುದರಲ್ಲಿ ಹೊಗೆಸೊಪ್ಪಿನಷ್ಟು ನಂಬಿಕೆಯದು ಯಾವುದೂ ಇಲ್ಲ. ಕೆಲಸ ಬಲ್ಲವನಿಗೆ ಇದು ಗೊತ್ತಿತ್ತು. ಒಣಗಿದ ರಾಶಿಯಲ್ಲಿ ಹಾಗೂ ಹೀಗೂ ಉಳಿದಿದ್ದ ಒಂದು ಅಗಲವಾದ ಎಲೆಯನ್ನು ಆರಿಸಿ ಜೇಬಿನಲ್ಲಿಟ್ಟುಕೊಂಡ. ಅದನ್ನು ಪುಟ್ಟಿಯ ಬಾಯಿಯ ಹತ್ತಿರ ಹಿಡಿಯುತ್ತಿದ್ದ. ಮುದುರಿದ ಅಂಚು ಮೆತ್ತಗಾಗಿ ಬಿಚ್ಚಿಕೊಳ್ಳುತ್ತಿತ್ತು. ಇದ್ದಾಳೆ. ಉಸಿರಿದೆ. ದೇವರೇ, ಉಸಿರಿದೆ. ಅಷ್ಟಾದ ಮೇಲೆ ಅವನಿಗೆ ಅನ್ನ ಸೇರುತ್ತಿತ್ತು.

ಮೊದಲು ಹೀಗೆ ಮಾಡಿದವಳು ಯಾರು ಎಂಬುದು ಅವನಿಗೆ ಒಮ್ಮೆಯೂ ನೆನಪಾಗಲಿಲ್ಲ.

ಆ ಮಧ್ಯಾಹ್ನವೂ ಕಿಟಕಿಗಳೆಲ್ಲ ತೆರೆದಿದ್ದವು. ತಾರಸಿಯಲ್ಲಿ ಒದ್ದೆ ಬಟ್ಟೆ ಕೊಡವುವ ಸದ್ದು. ಅವನು ಎಲೆ ಹಿಡಿದ. ಎಲೆ ಮೆತ್ತಗಾಯಿತು, ಎಂದಿಗಿಂತ ಹೆಚ್ಚು, ಹೊಸ ಚಿಗುರಿನಷ್ಟು. ನೆಮ್ಮದಿಗೆ ಅವನ ಕಣ್ಣು ಮುಚ್ಚಿತು.

ಆಗ, ಇಷ್ಟು ದಿನ ಸತ್ತಿದ್ದ ಮೂಗಿಗೆ, ವಾಸನೆ ಬಂತು. ಹುರಿದ ಬಾದಾಮಿ. ಜೇನು. ಹಾಲು.

ಕಣ್ಣು ಬಿಟ್ಟ. ಕೈಯಲ್ಲಿ ಎಲೆ ಇರಲಿಲ್ಲ. ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಒಂದು ಎಲೆಯನ್ನೂ ಮಡಚಲು ಬಾರದ ಅವನ ಬೆರಳುಗಳು ಸರಸರನೆ, ನೇರವಾಗಿ, ಸೊಗಸಾಗಿ ಸುತ್ತುತ್ತಿದ್ದವು. ಪುಟ್ಟಿಯ ಉಸಿರಿಗೆ ಮೆತ್ತಗಾದ ಎಲೆ ಹೊರಗೆ. ಅದರೊಳಗೆ, ತುದಿ ಸುಟ್ಟ, ಹಳೆಯ ಅರ್ಧ ಸಿಗಾರ್. ನಡುವಿನಲ್ಲಿ ಕರಿ ದಾರ. ಎಲೆ ಕೂಡಿದ ಗೆರೆ ಎಲ್ಲೂ ಕಾಣಲಿಲ್ಲ.

ಮೆಟ್ಟಿಲ ಮೇಲೆ ಹೆಂಡತಿಯ ಹೆಜ್ಜೆ ಕೇಳಿಸಿತು. “ಪುಟ್ಟೀ, ಎದ್ದೆಯೇನೇ? ಯಾಕೆ ಕೆಮ್ತಿದೀಯ?”

ಅವನು ಮಂಚದ ಕಡೆ ನೋಡಿದ. ಪುಟ್ಟಿ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎದೆ ಏಳಲಿಲ್ಲ, ಇಳಿಯಲಿಲ್ಲ.

ಕೆಮ್ಮು ಬರುತ್ತಿದ್ದದ್ದು ಅವನ ಕೈಯೊಳಗಿನಿಂದ.