ಹೆಸರಿನ ಮುಂದೆ ‘ಡಾ.’

ಹುಮನಾಬಾದ್ ಹತ್ತಿರದ ‘ಹುಡಗಿ’ ಎಂಬ ಊರಿನ ಸ್ಟ್ಯಾಂಡಿನಲ್ಲಿ ಟಂಟಂ ಆಟೊ ಇಳಿದವಳೇ ನಿಂತುಬಿಟ್ಟೆ. ಎದುರಿಗೆ ಆಳೆತ್ತರದ ಬ್ಯಾನರು. ಅದರಲ್ಲಿ ನನ್ನದೇ ಫೋಟೊ. ಕೆಳಗೆ, ‘ಡಾ. ಸರಿತಾ ಅವರಿಗೆ ಊರಿನವರ ಸನ್ಮಾನ.’

ನನಗೆ ತಲೆ ಕೆಟ್ಟಿತು.

“ಯಾರ್ ಹಾಕ್ಯಾರ ಇದನ್ನ?”

“ನಾನೇ ರೀ ಬಾಯಾರ,” ಎಂದ ಟಂಟಂ ಓಡಿಸುವ ಅಂಬಾದಾಸ, ಗಾಡಿಯ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ. “ಫೋಟೊ ಚಂದ ಬಂದದ. ನೀವು ಸಿಟ್ಟಿನಾಗ ಇಲ್ಲದ್ದು ಅದೊಂದೇ ಸಿಕ್ತು.”

“ನಾ ಡಾಕ್ಟರ್ ಏನು? ನಾ ನರ್ಸ್!”

“ಗುಳಿಗಿ ನೀವೇ ಕೊಡ್ತೀರಿ, ಶುಗರ್ ನೀವೇ ನೋಡ್ತೀರಿ. ಡಾಕ್ಟರಿಗೇನು ಕೋಡು ಇರ್ತಾವೇನ್ರಿ?”

ನಾನು ನಲವತ್ತು ದಾಟಿದವಳು, ಮದುವೆಯಾಗದವಳು. ಅವನು ಹೆಂಡತಿ ಸತ್ತು ವರ್ಷಗಳಾದವನು. ಊರೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತದೆ, ಅವನೊಬ್ಬ ಮಾತ್ರ ಬಾಯಾರ ಅನ್ನುತ್ತಾನೆ. ಯಾಕೆಂದು ಒಮ್ಮೆ ಕೇಳಿದ್ದೆ. “ಆ ಶಬ್ದ ನಿಮ್ಮ ಮುಂದ ನಾಲಿಗಿ ಮ್ಯಾಲ ಬರಂಗಿಲ್ರಿ,” ಎಂದವನ ಕಿವಿಗಳು ಕೆಂಪಾಗಿದ್ದವು. ಆ ಕಿವಿ ನೋಡಲೆಂದೇ ನಾನು ಅವನ ಹಿಂದಿನ ಸೀಟು ಹಿಡಿಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?

ಬಸವಕಲ್ಯಾಣದ ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಹರೆಯ ಕಳೆಯಿತು. ಡಾಕ್ಟರು ಹೇಳಿದ್ದನ್ನು ಮಾಡುತ್ತಿದ್ದೆ, ತಪ್ಪು ಕಂಡರೆ ಜಗಳವನ್ನೂ ಆಡುತ್ತಿದ್ದೆ. ಆಮೇಲೆ ತರಬೇತಿ ಕೊಟ್ಟು ಈ ಊರಿನ ಆರೋಗ್ಯ ಕೇಂದ್ರದಲ್ಲಿ ಕೂರಿಸಿದರು. ಪರೀಕ್ಷೆ ನೀವೇ ಮಾಡಿ, ಗುಳಿಗೆ ನೀವೇ ಕೊಡಿ, ದೊಡ್ಡಾಸ್ಪತ್ರೆಗೆ ಕಳಿಸಬೇಕೋ ಬೇಡವೋ ನೀವೇ ಹೇಳಿ ಅಂದರು. ಮೊದಲು ಹೆಮ್ಮೆಯೇ ಆಯಿತು. ಆದರೆ ವಾರ್ಡಿನಲ್ಲಿ ನನ್ನ ಹಿಂದೆ ಒಬ್ಬರಿರುತ್ತಿದ್ದರು. ಇಲ್ಲಿ ಹಿಂದೆ ತಿರುಗಿದರೆ ಗೋಡೆ.

ವಾಪಸ್ ವಾರ್ಡಿಗೆ ಕಳಿಸಿ ಎಂದು ತಾಲೂಕು ಆರೋಗ್ಯಾಧಿಕಾರಿ ಸಾಹೇಬರನ್ನು ಬೇಡಿಕೊಂಡಿದ್ದೆ. ಇವತ್ತು ಹೇಳುತ್ತೇನೆ ಅಂದಿದ್ದರು.

“ಗಯಾಸುದ್ದೀನ್ ಚಾಚಾನ ಜೀವ ಉಳಿಸೀರಿ,” ಎಂದ ಅಂಬಾದಾಸ. “ಅದಕ್ಕ ಸನ್ಮಾನ.”

“ಉಳದ್ರು, ಅದಕ್ಕ ಹಾರ. ಜೀವ ಹೋಗಿದ್ರ?”

ಅವನು ಗಾಡಿಯಿಂದ ಇಳಿದು ಬ್ಯಾನರಿನ ಸಡಿಲಾದ ಹಗ್ಗ ಬಿಗಿದ.

ಚಾಚಾ ಎದೆ ಹಿಡಿದುಕೊಂಡು ಬಂದ ದಿನ ನೆಟ್‌ವರ್ಕ್ ಹೋಗಿ, ವಿಡಿಯೊ ಕಾಲಿನಲ್ಲಿದ್ದ ಡಾಕ್ಟರರ ಮುಖ ಅಲ್ಲಾಡದೆ ನಿಂತುಬಿಟ್ಟಿತ್ತು. ಗ್ಯಾಸೋ ಹೃದಯವೋ ನನಗೆ ತಿಳಿಯಲಿಲ್ಲ. ಆಸ್ಪಿರಿನ್ ಗುಳಿಗೆ ಅಗಿಯಲು ಕೊಟ್ಟು, ದೇವರ ಮೇಲೆ ಭಾರ ಹಾಕಿ, ಇದೇ ಟಂಟಂನಲ್ಲಿ ಹುಮನಾಬಾದಿಗೆ ಒಯ್ದಿದ್ದೆ.

“ಆವತ್ತ ನನಗ ಖರೇನೇ ಏನೂ ತಿಳಿದಿದ್ದಿಲ್ಲ, ಅಂಬಾದಾಸ.”

“ಗೊತ್ತದ್ರಿ. ಹಾದಿ ತುಂಬ ಚಾಚಾನ ನಾಡಿ ಹಿಡಿದು ದೇವರ ಹೆಸರು ಹೇಳಾಕತ್ತಿದ್ರಿ. ಕನ್ನಡ್ಯಾಗ ನೋಡೀನಿ.”

“ನೋಡಿದ ಮ್ಯಾಲೂ ಡಾಕ್ಟರ್ ಅಂತ ಬರಸ್ದಿ?”

“ನೀವು ಊರು ಬಿಟ್ಟು ಹೊಂಟೀರಿ ಅಂತ ಕೇಳಿದೆ. ದೊಡ್ಡ ಹೆಸರು ಕೊಟ್ರ ನಿಲ್ತೀರಿ ಅಂತ…”

ಅಷ್ಟರಲ್ಲಿ ಸಾಹೇಬರ ಫೋನು ಬಂತು. “ಬ್ಯಾನರ್ ವಾಟ್ಸಾಪಿನಾಗ ನೋಡಿದೆ. ಆ ‘ಡಾ.’ ಮೊದಲು ಅಳಸ್ರಿ. ಆದ್ರ ಊರವರು ಇಷ್ಟು ಹಚ್ಕೊಂಡಾರ, ನಿಮ್ಮನ್ನ ಹ್ಯಾಂಗ ಬಿಡೂದು? ವಾರ್ಡ್ ಮರೀರಿ.”

ಅಲ್ಲೇ ಕಟ್ಟೆಯ ಮೇಲೆ ಕೂತು, ಸಾಹೇಬರು ಅಂದದ್ದನ್ನು ಅವನಿಗೆ ಹೇಳಿದೆ. ಅಂಬಾದಾಸನ ಮುಖದ ನಗು ಆರಿಹೋಯಿತು.

“ನಾ ಹೋಗಿ ಸಾಹೇಬರಿಗೆ ಹೇಳ್ತೀನ್ರಿ.”

“ಏನಂತ ಹೇಳ್ತಿ?”

“ಬಾಯಾರ ಮ್ಯಾಲ ಜೀವ ಇಟ್ಟೀನಿ, ಬುದ್ಧಿ ಕೆಟ್ಟು ಬ್ಯಾನರ್ ಹಾಕ್ಸೀನಿ ಅಂತ.”

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅವನ ಹೆಗಲ ಮೇಲೆ ಹಣೆ ಇಡಬೇಕು ಅಂತಲೂ ಅನ್ನಿಸಿತು. ನಡುಬೀದಿ, ಎರಡೂ ಆಗಲಿಲ್ಲ.

“ನನಗ ದಿನಾ ಅಂಜಿಕಿ ಬರ್ತದ, ಮಾರಾಯ. ನೀ ಜೀವ ಇಟ್ರ ಅದೇನು ಹೋಗಂಗಿಲ್ಲ.”

“ಹೌದ್ರಿ,” ಎಂದ. ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೇ ಈ ಗಂಡಸು ನನಗೆ ಬೇಕು.

“ಬೇಕು ನೀ ನನಗ,” ಅಂದುಬಿಟ್ಟೆ, ಬೈದ ಹಾಗೆ.

ಅವನು ಉತ್ತರಿಸುವ ಮೊದಲೇ ಎದುರಿನ ಆರೋಗ್ಯ ಕೇಂದ್ರದ ಬಾಗಿಲಿನಿಂದ ಹಿಂದಿನ ಓಣಿಯ ವಹೀದಾ ಕೂಗಿದಳು. ಅವಳ ಕಂಕುಳಲ್ಲಿದ್ದ ಕೂಸಿನ ಪಕ್ಕೆಗಳು ಉಸಿರಿಗೊಮ್ಮೆ ಒಳಗೆಳೆದುಕೊಳ್ಳುತ್ತಿದ್ದವು. ನಾನು ಓಡಿದೆ.

“ಗಾಡಿ ಚಾಲೂ ಇಡು! ನಾ ಬ್ಯಾಡ ಅನ್ನೂತನಕ ಹೋಗಬ್ಯಾಡ!”

“ಬ್ಯಾಡ ಅಂದ್ರೂ ಹೋಗಂಗಿಲ್ರಿ,” ಎಂದು ಹಿಂದಿನಿಂದ ಕೂಗಿದ.