ಸಾಲು ತಪ್ಪಿದ ಹನ್ನೆರಡು ಹಾಡು

"ಅಕ್ಕಾ, ಇದು ಶುದ್ಧ ಅನ್ಯಾಯ!" ಎಂದು ಕೂಗುತ್ತಲೇ ದರ್ಜಿ ಮೆಟ್ಟಿಲೇರಿದ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಹಿಂದೆಯೇ ಅವನ ತಂಗಿಯ ಮಗಳು, ಅತ್ತು ಅತ್ತು ಮುಖ ಊದಿಸಿಕೊಂಡು ಬಂದಳು.

ಅವನ ಅಂಗಡಿಯ ಮೇಲಿನ ಮನೆ, ಬೀದಿಯವರೆಲ್ಲ ಟೆಲಿಫೋನ್ ಅಕ್ಕ ಎಂದು ಕರೆಯುವವರದು. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಬೀದಿಯಲ್ಲಿ ಯಾರು ಯಾರ ತಲೆಗೆ ಏನು ಕಟ್ಟಿದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅಂಥ ಹೊತ್ತಿನಲ್ಲೆಲ್ಲ ದರ್ಜಿಯೇ ಅವರ ಬಲಗೈ.

"ಕೂತ್ಕೊಂಡು ಹೇಳಪ್ಪ," ಎಂದರು ಅಕ್ಕ.

ಕೂತರೆ ತಾನೇ! ನಿಂತಲ್ಲೇ ಎಲ್ಲ ಒದರಿದ. ನಿನ್ನೆ ಸಂಜೆ ಸಭಾಂಗಣದಲ್ಲಿ ಡಾನ್ಸ್ ಶಾಲೆಯ ಮಕ್ಕಳ ಕಾರ್ಯಕ್ರಮ. ಅಲ್ಲಿನ ಡಿಜೆ ಈ ಹುಡುಗಿ. ಹನ್ನೆರಡು ನೃತ್ಯಕ್ಕೆ ಹನ್ನೆರಡು ಹಾಡನ್ನು ಸಾಲಾಗಿ ಜೋಡಿಸಿ, ಪೆನ್‌ಡ್ರೈವಿನಲ್ಲಿ ಸೇವ್ ಮಾಡಿ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಹಾಕಿಯೂ ನೋಡಿದ್ದಳು. ಎಲ್ಲ ಸರಿಯಿತ್ತು. ಪೆನ್‌ಡ್ರೈವನ್ನು ಡಿಜೆ ಮಷೀನಿನಲ್ಲೇ ಬಿಟ್ಟಳು. ನಾಲ್ಕಕ್ಕೆ ಸಭಾಂಗಣಕ್ಕೆ ಬೀಗ ಬಿತ್ತು. ಆರಕ್ಕೆ ಸ್ವಾಗತದ ಹಾಡು ಸರಿಯಾಗಿಯೇ ಬಂತು. ಎರಡನೆಯದಕ್ಕೆ ಚಿಟ್ಟೆ ರೆಕ್ಕೆ ಕಟ್ಟಿಕೊಂಡ ಪುಟಾಣಿಗಳು ವೇದಿಕೆ ಏರಿದರೆ, ಮೊಳಗಿದ್ದು ದೊಡ್ಡ ಮಕ್ಕಳ ದೋಣಿಯ ಹಾಡು! ಪುಟಾಣಿಗಳು ಕಕ್ಕಾಬಿಕ್ಕಿಯಾಗಿ ಒಬ್ಬೊಬ್ಬರೇ ಅಳತೊಡಗಿದವು.

"ಆಗ ಆ ಹಾಲ್ ಮ್ಯಾನೇಜರ್ ಏನ್ ಮಾಡ್ದ ಗೊತ್ತಾ? ಕಾರ್ಯಕ್ರಮಾನೇ ನಿಲ್ಲಿಸಿ ಮೈಕ್ ಹಿಡಿದ. ಮುನ್ನೂರು ಜನ ಅಪ್ಪ ಅಮ್ಮಂದಿರ ಮುಂದೆ, 'ನಿಧಾನದ ಹಾಡು ಮೊದಲು, ಜೋರಿಂದು ಕೊನೆಗೆ ಅಂತ ಪಾರ್ಟಿಗೆ ಜೋಡಿಸೋ ಹಾಗೆ ಜೋಡಿಸಿಟ್ಟಿದ್ದಾಳೆ ಈ ಬೇಜವಾಬ್ದಾರಿ ಹುಡುಗಿ, ಇನ್ಮೇಲೆ ಇಲ್ಲಿಗೆ ಕಾಲಿಡೋ ಹಾಗಿಲ್ಲ' ಅಂದ! ಇನ್ನು ಯಾರು ಕೆಲಸಕ್ಕೆ ಕರೀತಾರೆ ಇವಳನ್ನ?"

"ನಾನು ಸರಿಯಾಗೇ ಸೇವ್ ಮಾಡಿದ್ದೆ ಮಾವ," ಎಂದು ಹುಡುಗಿ ಮತ್ತೆ ಬಿಕ್ಕಿದಳು.

"ಬೀಗದ ಕೈ ಯಾರ ಹತ್ರ ಇತ್ತಮ್ಮ?" ಎಂದು ಅಕ್ಕ ಕೇಳಿದರು.

"ಒಂದು ಮ್ಯಾನೇಜರ್ ಹತ್ರ, ಒಂದು ಡಾನ್ಸ್ ಟೀಚರ್ ಹತ್ರ."

"ಆ ಟೀಚರ್‌ದೇ ಕೆಲಸ!" ದರ್ಜಿ ತೊಡೆ ತಟ್ಟಿದ. "ಹಾಡು ಮೊಟಕು ಮಾಡು ಅಂತ ಮೊನ್ನೆ ಇವಳ ಜೊತೆ ಜಗಳ ಕಾದಿದ್ರು."

"ನಿನ್ನೆ ನಾಲ್ಕರ ಮೇಲೆ ಟೀಚರ್ ಎಲ್ಲಿದ್ರು?"

ದರ್ಜಿಯ ಮುಖ ಪೆಚ್ಚಾಯಿತು. "ನನ್ನ ಅಂಗಡೀಲೇ. ಮಕ್ಕಳ ರೆಕ್ಕೆ ಸಡಿಲ ಅಂತ ಐದೂಮುಕ್ಕಾಲರವರೆಗೂ ನನ್ನ ತಲೆ ತಿಂತಿದ್ರು. ಇವಳೂ ಅಲ್ಲೇ ಕೂತು ಕೊಕ್ಕೆ ಹೊಲೀತಿದ್ಲು."

ಮೂವರೂ ಸಭಾಂಗಣಕ್ಕೆ ಹೋದರು. ಮ್ಯಾನೇಜರ್ ಕುರ್ಚಿ ಬಿಟ್ಟು ಏಳಲಿಲ್ಲ. "ನೋಡೋದೇನಿದೆ? ಆ ಮಷೀನಿನ ತಲೆಬುಡ ನಂಗೊತ್ತಿಲ್ಲ," ಎಂದ. ಅವನ ಹಿಂದಿನ ಗೋಡೆಯಲ್ಲಿ ಒಂದು ಹಳೆಯ ಫೋಟೋ ತೂಗುತ್ತಿತ್ತು: ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ತರುಣ. ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಕನ್ನಡಕ ಏರಿಸಿಕೊಂಡು ಮಷೀನಿನ ಮುಂದೆ ಕೂತು, ಹುಡುಗಿಯಿಂದ ಒಂದೊಂದೇ ಪಟ್ಟಿ ತೆಗೆಸಿ ನೋಡಿದರು.

ನಿಂತುಹೋದ ಕಾರ್ಯಕ್ರಮವನ್ನು ಟೀಚರ್ ಇಂದು ಸಂಜೆಗೆ ಮತ್ತೆ ಇಟ್ಟುಕೊಂಡಿದ್ದರು. ಹೆತ್ತವರು ಬಂದು ಕೂರತೊಡಗಿದಾಗ ಅಕ್ಕ ಮ್ಯಾನೇಜರನ್ನೂ ಟೀಚರನ್ನೂ ಡಿಜೆ ಮೇಜಿನ ಹತ್ತಿರ ಕರೆಸಿದರು.

"ಹಾಡಿನ ಪಕ್ಕ ಈ ಅಂಕಿ ನೋಡಿ. ನಿಮಿಷಕ್ಕೆ ಎಷ್ಟು ತಾಳ ಅನ್ನೋ ಲೆಕ್ಕ. ಎಪ್ಪತ್ತು, ಎಪ್ಪತ್ತೆಂಟು, ತೊಂಬತ್ತು, ಹೀಗೇ ಏರ್ತಾ ಹೋಗಿದೆ. ಯಾರೋ ವೇಗದ ಪ್ರಕಾರ ಜೋಡಿಸಿದ್ದಾರೆ. ಸ್ವಾಗತದ ಹಾಡೇ ಎಲ್ಲಕ್ಕಿಂತ ನಿಧಾನದ್ದು, ಅದಕ್ಕೇ ಜಾಗ ಬದಲಾಗಲಿಲ್ಲ, ಹುಡುಗೀಗೆ ಅನುಮಾನಾನೂ ಬರಲಿಲ್ಲ. ಇನ್ನು, ಹಾಕಿದ ಹಾಡನ್ನೆಲ್ಲ ಈ ಮಷೀನು ತಾನೇ ಗಂಟೆ ಸಮೇತ ಬರೆದಿಟ್ಕೊಳ್ಳುತ್ತೆ. ನಿನ್ನೆ ನಾಲ್ಕೂವರೆಗೆ ಕೊನೇ ಎರಡು ಹಾಡು ಹಾಕಿದ್ದಾರೆ. ಆಗ ಟೀಚರ್, ಹುಡುಗಿ ಇಬ್ಬರೂ ದರ್ಜಿ ಅಂಗಡೀಲಿದ್ರು. ಉಳಿದಿದ್ದು ಒಂದೇ ಬೀಗದ ಕೈ."

"ಯಾರೋ ಕಿಟಕಿಯಿಂದ ಬಂದಿರಬೇಕು!" ಎಂದ ಮ್ಯಾನೇಜರ್.

"ಬಂದೋರು ನಿಮಗೆ ಹೇಳಿ ಹೋದ್ರಾ? ನಿನ್ನೆ ನೀವು ಮೈಕ್ ಹಿಡಿದಾಗ ಆಗಿದ್ದು ಎರಡೇ ಹಾಡು. ಮಷೀನಿನ ಪರದೆ ತಿರುಗಿದ್ದು ಹುಡುಗಿ ಕಡೆ. ಕೊನೆಗೆ ಜೋರಿನ ಹಾಡಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ಗೋಡೆ ಮೇಲಿನ ಫೋಟೋ ನಿಮ್ಮದೇ ತಾನೆ?"

ಅವನ ಮುಖದ ಬಣ್ಣ ಇಳಿಯಿತು. ತರುಣನಾಗಿದ್ದಾಗ ಅವನೂ ಪಾರ್ಟಿಗಳ ಡಿಜೆಯೇ. ಹೊಸ ಮಷೀನು ಕಂಡು ಕೈ ತುರಿಸಿತ್ತು. ಅಭ್ಯಾಸ ಬಲದಿಂದ ಹಾಡುಗಳನ್ನು ವೇಗದ ಪ್ರಕಾರ ಜೋಡಿಸಿ, ಎರಡನ್ನು ಹಾಕಿ ಕೇಳಿದ್ದ. ನಿಲ್ಲಿಸುವಾಗ ಬದಲಾವಣೆ ಉಳಿಸಬೇಕೇ ಎಂದು ಪರದೆ ಕೇಳಿತ್ತು. ಅವನು ಓದದೆಯೇ ಹೌದು ಎಂದು ಒತ್ತಿಬಿಟ್ಟಿದ್ದ. ದೋಣಿಯ ಹಾಡು ಮೊಳಗಿದಾಗಲೇ ಇದು ತನ್ನದೇ ಕೆಲಸವೆಂದು ಅವನಿಗೆ ಹೊಳೆದಿತ್ತು.

"ಕೈತಪ್ಪಿ ಆಗಿದ್ದು," ಎಂದು ತೊದಲಿದ. "ಹೋಗ್ಲಿ ಬಿಡಮ್ಮ, ಸಾರಿ. ನಾಳೆಯಿಂದ ಕೆಲಸಕ್ಕೆ ಬಾ."

ದರ್ಜಿಗೆ ಸಿಟ್ಟು ನೆತ್ತಿಗೇರಿತು. "ಕೈ ತಪ್ಪೋದು ಯಾರಿಗಾದ್ರೂ ಆಗುತ್ತೆ ಸ್ವಾಮಿ! ಗೊತ್ತಿದ್ದೂ ಗೊತ್ತಿದ್ದೂ ಒಂದು ಹೆಣ್ಣುಮಗು ತಲೆಗೆ ಕಟ್ಟಿದ್ರಲ್ಲ, ನಾಚಿಕೆ ಆಗಲ್ವಾ? ಬೈದಿದ್ದು ಮೈಕಲ್ಲಿ, ಸಾರಿ ಹೇಳೋದು ಮೂಲೇಲಾ?"

"ಅದು ನ್ಯಾಯವಾದ ಮಾತು," ಎಂದರು ಟೀಚರ್, ದರ್ಜಿಯನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡುತ್ತ.

ಮ್ಯಾನೇಜರ್ ಕಾಲೆಳೆಯುತ್ತ ವೇದಿಕೆ ಏರಿದ. ಹುಡುಗಿ ತನ್ನ ಜಾಗದಲ್ಲಿ ಕೂತಳು. ಅವನು ತಲೆ ತಗ್ಗಿಸಿ, ಮೈಕಿನಿಂದ ಮೊಳ ದೂರ ನಿಂತು ಏನೋ ಗೊಣಗಿದ.

ಹುಡುಗಿ ಮೈಕಿನ ದನಿಯನ್ನು ಪೂರ್ತಿ ಏರಿಸಿದಳು.

"ಹಿಂದಿನ ಸಾಲಿನವರಿಗೆ ಕೇಳಿಸ್ಲಿಲ್ಲ ಸರ್," ಎಂದಳು. "ಇನ್ನೊಂದ್ಸಲ ಹೇಳಿ."