ಕಿವಿಯಲ್ಲಿ ಹತ್ತಿ

‘ಮೋಡಗಳ ಮೇಲೆ ಮಹಾರಾಣಿಯ ಹಾಗೆ ಪಯಣಿಸಿ’ ಎಂದು ಜಾಹೀರಾತು ಬರೆದವನನ್ನು ಹಿಡಿದು ತಂದು ವಿಮಾನದ ಇದೇ ಬೆತ್ತದ ಕುರ್ಚಿಗೆ ಕಟ್ಟಿಹಾಕಬೇಕು ಎನ್ನಿಸಿತು ಮುರಿಯಲ್‌ಗೆ. ಇಸವಿ ಸಾವಿರದ ಒಂಬೈನೂರ ಇಪ್ಪತ್ತೆಂಟು. ಲಂಡನ್ನಿನ ಟೋಪಿ ಅಂಗಡಿಯೊಂದಕ್ಕೆ ಸರಕು ಆರಿಸಲು ಅವಳು ಪ್ರತಿ ಶುಕ್ರವಾರ ಪ್ಯಾರಿಸ್ಸಿಗೆ ಹಾರಬೇಕು. ಪ್ರತಿ ಶುಕ್ರವಾರವೂ ವಾಂತಿ. ಸುಟ್ಟ ಎಣ್ಣೆಯ ನಾತ, ಒದ್ದೆ ಉಣ್ಣೆ ಕೋಟಿನ ನಾತ, ಹಿಂದಿನ ಕುರ್ಚಿಯವನು ತಿಂದು ಕಕ್ಕಿದ ಕೋಳಿಯ ನಾತ. ಥೂ!

ಸಿರಿಲ್ ಬೋಗುಣಿ ಹಿಡಿದು ಬಂದ. ವಿಮಾನದಲ್ಲಿ ಊಟ ಬಡಿಸುವವನೂ ಅವನೇ, ಬಡಿಸಿದ್ದು ವಾಪಸ್ಸು ಬಂದಾಗ ಹಿಡಿಯುವವನೂ ಅವನೇ. ಎಂಜಿನ್ನಿನ ಗದ್ದಲಕ್ಕೆ ಎಲ್ಲರ ಕಿವಿಗೂ ಹತ್ತಿ ತುರುಕಿರುತ್ತಾರೆ, ಮಾತಿಲ್ಲ. ಅವನು ಕಣ್ಣಲ್ಲೇ ಕೇಳಿದ: ಬೇಕಾ? ಅವಳು ಕಣ್ಣಲ್ಲೇ ಹೇಳಿದಳು: ಬೇಗ!

ಐದು ತಿಂಗಳಿಂದ ಇವರ ಸರಸವೆಲ್ಲ ಇಷ್ಟೇ. ಆದರೂ ಒದ್ದೆ ಬಟ್ಟೆ ಕೊಡುವಾಗ ಅವನ ಕಂದು ಕಣ್ಣು ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು, ಇವಳ ಕೆನ್ನೆ ಬಿಸಿಯಾಗುತ್ತಿತ್ತು. ಅವನೆಂದರೆ ಪ್ರೀತಿ, ಅವನ ವಿಮಾನವೆಂದರೆ ಅಸಹ್ಯ. ಸೋಮವಾರದಿಂದ ಅವನಿಗೆ ಕೈರೋಗೆ ವರ್ಗ ಎಂದು ಟಿಕೆಟ್ ಕೊಡುವವನು ಹೇಳಿದ್ದ. ಇವತ್ತು ಬಾಯಿ ಬಿಡದಿದ್ದರೆ ಎಲ್ಲ ಮುಗಿದಂತೆಯೇ.

ಪ್ಯಾರಿಸ್ಸಿನ ಹುಲ್ಲಿನ ಮೇಲೆ ವಿಮಾನ ಕುಪ್ಪಳಿಸಿ ನಿಂತಿತು. ಮುರಿಯಲ್ ಇಳಿದಳು. ಏಣಿಯ ಬುಡದಲ್ಲಿ ಸಿರಿಲ್ ಟೋಪಿ ತೆಗೆದು, ಕೆಂಪಗಾಗಿ, ಏನೋ ಕೇಳಿದ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕಂಪನಿ ಕಲಿಸಿದ ಗಿಣಿಪಾಠವೇ ಇರಬೇಕು: ‘ಪ್ರಯಾಣ ಹಿತವಾಗಿತ್ತೇ? ಮತ್ತೆ ಬರುವಿರಾ?’ ಇವತ್ತೂ ಅದೇನಾ! ಅವಳಿಗೆ ರೇಗಿಹೋಯಿತು.

“ಸತ್ರೂ ಇಲ್ಲ! ನೆನೆಸ್ಕೊಂಡ್ರೇ ವಾಕರಿಕೆ ಬರುತ್ತೆ!”

ಸಿರಿಲ್ ಮುಖ ಸುಣ್ಣವಾಯಿತು. ತಲೆ ತಗ್ಗಿಸಿ ವಿಮಾನದ ಹಿಂದಕ್ಕೆ ನಡೆದ.

ಅವಳ ಹಿಂದೆಯೇ ಇಳಿದ ಮುದುಕಿಯೊಬ್ಬಳು ಮುರಿಯಲ್‌ಳ ಕಿವಿಯ ಹತ್ತಿಯನ್ನು ಚಿವುಟಿ ಎಳೆದಳು. “ಏನ್ ಹುಡುಗೀನೇ ನೀನು! ಮದ್ವೆ ಆಗ್ತೀರಾ ಅಂತ ಕೇಳಿದೋನಿಗೆ ವಾಕರಿಕೆ ಬರುತ್ತೆ ಅಂತಾರೇನೇ?”

“ಮದ್ವೇನಾ?!”

ಮುರಿಯಲ್ ಓಡಿದಳು. ಸಿರಿಲ್ ಬಾಲದ ಹತ್ತಿರ ಕೂತು ಬೋಗುಣಿಗಳನ್ನು ಬಳಿಯುತ್ತಿದ್ದ. ಕಣ್ಣಲ್ಲಿ ನೀರು, ಮೊಣಕೈವರೆಗೂ ಗಲೀಜು.

“ವಾಕರಿಕೆ ಅಂದಿದ್ದು ನಿಮ್ಮ ವಿಮಾನಕ್ಕೆ, ನಿಮಗಲ್ಲ! ಕಿವೀಲಿ ಹತ್ತಿ ಇತ್ತು ಕಣ್ರೀ!”

ಅವನು ದಿಗ್ಗನೆ ಎದ್ದ. “ಕೈರೋಗೆ ಹಡಗಲ್ಲೂ ಬರಬಹುದು, ಮಿಸ್. ಹಾಗಾದ್ರೆ… ಒಪ್ಪಿಗೇನಾ?” ಎನ್ನುತ್ತ ಎರಡೂ ಕೈ ಚಾಚಿದ.

ಅವಳು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಅಯ್ಯೋ, ಥೂ! ಮೊದ್ಲು ಕೈ ತೊಳ್ಕೊಳ್ರೀ. ಆಮೇಲೆ ಕೈ ಹಿಡಿಯೋರಂತೆ.”